ಸರಿಸಮಾನರ ಊರಿನಲ್ಲಿ ಪಟ್ಟಿ ಬರೆಯುವವರು ಯಾರು?



1925ರ ಫೆಬ್ರವರಿ 3ರಂದು ಭಾರತದ ಮೊದಲ ವಿದ್ಯುತ್ ರೈಲು ವಿಕ್ಟೋರಿಯಾ ಟರ್ಮಿನಸ್‌ನಿಂದ ಹೊರಟು ಹಾರ್ಬರ್ ಲೈನಿನಲ್ಲಿ ಬಂದು ನಿಂತದ್ದು ನಾವು ಸೇರಿರುವ ಇದೇ ಕುರ್ಲಾದಲ್ಲಿ. ಇಪ್ಪತ್ತು ವರ್ಷ ಕಳೆಯುವಷ್ಟರಲ್ಲಿ ಪ್ರೀಮಿಯರ್ ಕಂಪನಿ ಹುಟ್ಟಿತು. ಅದರ ಕುರ್ಲಾ ಕಾರ್ಖಾನೆಯಿಂದ ಹೊರಬಂದ ಪದ್ಮಿನಿ ಕಾರುಗಳು ಕಪ್ಪು-ಹಳದಿ ಟ್ಯಾಕ್ಸಿಗಳಾಗಿ ಈ ಮುಂಬಯಿ ಶಹರವನ್ನೆಲ್ಲ ಸುತ್ತಿದವು. ಅವು ರಸ್ತೆಯಿಂದ ಮರೆಯಾದದ್ದು 2023ರ ಅಕ್ಟೋಬರಿನಲ್ಲಿ. ಇವತ್ತು ಮಿಠಿ ನದಿಯ ಆಚೆ ದಡದಲ್ಲಿ ಗಾಜಿನ ಗೋಪುರಗಳ ಬಾಂದ್ರಾ-ಕುರ್ಲಾ ಸಂಕೀರ್ಣ ನಿಂತಿದೆ. ಹೆಸರಿನಲ್ಲಿ ಕುರ್ಲಾ ಇದೆ, ಆದರೆ ಈಚೆ ದಡದ ಕ್ರಾಂತಿ ನಗರದವರು ಪ್ರತಿ ಮಳೆಗಾಲದಲ್ಲೂ ನದಿ ಏರಿತೆಂದರೆ ಗಂಟುಮೂಟೆ ಕಟ್ಟಬೇಕು. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ ಸುರಿದಾಗ ಏನಾಯಿತೆಂದು ಈ ಸಭೆಗೆ ನಾನು ಹೇಳಬೇಕಾಗಿಲ್ಲ. ನಾಳೆ ಎಂಬುದು ಈ ಊರಿಗೆ ಮತ್ತೆ ಮತ್ತೆ ಬಂದಿದೆ. ಬಂದಾಗಲೆಲ್ಲ ಕೆಲವರನ್ನು ಒಳಗೆ ಕರೆದುಕೊಂಡಿದೆ, ಕೆಲವರನ್ನು ಹೊರಗೆ ನಿಲ್ಲಿಸಿದೆ. ಅದಕ್ಕೇ ಈ ದತ್ತಿ ಉಪನ್ಯಾಸಕ್ಕೆ ಭವಿಷ್ಯದ ಆದರ್ಶ ಸಮಾಜವೊಂದರ ಬಿರುಕುಗಳನ್ನು ಹೇಳುವ ಕಾದಂಬರಿಯನ್ನು ಆರಿಸಿಕೊಂಡೆ. ಇಂಥ ಪುಸ್ತಕವನ್ನು ಓದಲು ಕುರ್ಲಾಕ್ಕಿಂತ ತಕ್ಕ ಜಾಗ ನನಗೆ ತಿಳಿಯದು.

ಕಾದಂಬರಿಯ ಹೆಸರು ‘ದಿ ಡಿಸ್‌ಪೊಸೆಸ್ಡ್’. ಬರೆದವರು ಅಮೆರಿಕದ ಅರ್ಸುಲಾ ಕೆ. ಲೆ ಗ್ವಿನ್. 1974ರಲ್ಲಿ ಪ್ರಕಟವಾಗಿ ನೆಬ್ಯುಲಾ, ಹ್ಯೂಗೊ ಎರಡೂ ಪ್ರಶಸ್ತಿಗಳನ್ನು ಪಡೆಯಿತು. ಕಥೆ ನಡೆಯುವುದು ಒಂದಕ್ಕೊಂದು ಚಂದ್ರನಂತಿರುವ ಎರಡು ಲೋಕಗಳಲ್ಲಿ. ಉರ್ರಾಸ್ ಸಿರಿಯ ಲೋಕ: ನದಿ, ಕಾಡು, ಅರಮನೆ, ಸೈನ್ಯ, ಶ್ರೀಮಂತರು, ಕಣ್ಣಿಗೆ ಬೀಳದಂತೆ ಇಟ್ಟ ಬಡವರು. ಅನಾರ್ರೆಸ್ ಒಣ ನೆಲ. ಓಡೋ ಎಂಬ ಹೆಣ್ಣುಮಗಳ ವಿಚಾರಗಳನ್ನು ನಂಬಿದ ಬಂಡಾಯಗಾರರು ಸುಮಾರು ನೂರೆಪ್ಪತ್ತು ವರ್ಷಗಳ ಹಿಂದೆ ಉರ್ರಾಸನ್ನು ಬಿಟ್ಟು ಬಂದು ಅಲ್ಲಿ ನೆಲೆಸಿದ್ದಾರೆ. ಅಲ್ಲಿ ಸರ್ಕಾರವಿಲ್ಲ, ದುಡ್ಡಿಲ್ಲ, ಪೊಲೀಸರಿಲ್ಲ, ಜೈಲಿಲ್ಲ, ನನ್ನದೆಂಬ ಮನೆಯಿಲ್ಲ. ಊಟ ಸಾರ್ವಜನಿಕ ಭೋಜನಶಾಲೆಯಲ್ಲಿ. ಹತ್ತು ದಿನಕ್ಕೊಮ್ಮೆ ವಿಜ್ಞಾನಿಯೂ ಪೊರಕೆ ಹಿಡಿಯುತ್ತಾನೆ. ಯಾರೂ ಯಾರ ಆಳೂ ಅಲ್ಲ. ನಾಯಕ ಶೆವೆಕ್ ಅಲ್ಲಿ ಹುಟ್ಟಿ ಬೆಳೆದ ಭೌತವಿಜ್ಞಾನಿ, ಕಾಲದ ಸ್ವರೂಪವೇನೆಂದು ಹುಡುಕುತ್ತಿರುವವನು. ಅವನೇ ಮೊದಲಿಗನಾಗಿ ಉರ್ರಾಸಿಗೆ ಹೋಗುತ್ತಾನೆ, ಅದಕ್ಕಾಗಿ ಸ್ವಂತ ಜನರಿಂದಲೇ ಕಲ್ಲಿನೇಟು ತಿನ್ನುತ್ತಾನೆ. ಒಂದು ಅಧ್ಯಾಯ ಇಲ್ಲಿ, ಮುಂದಿನದು ಅಲ್ಲಿ, ಹೀಗೆ ಕಥೆ ಹಿಂದಕ್ಕೂ ಮುಂದಕ್ಕೂ ಸಾಗುತ್ತದೆ.

ಲೆ ಗ್ವಿನ್ ಅನಾರ್ರೆಸನ್ನು ಗೇಲಿ ಮಾಡಲು ಈ ಪುಸ್ತಕ ಬರೆಯಲಿಲ್ಲ. ಆಲ್ಡಸ್ ಹಕ್ಸ್‌ಲಿ 1932ರಲ್ಲಿ ಪ್ರಕಟಿಸಿದ ‘ಬ್ರೇವ್ ನ್ಯೂ ವರ್ಲ್ಡ್’ ಓದಿದವರಿಗೆ ಆ ಲೋಕದಿಂದ ಓಡಿಹೋಗಬೇಕೆನಿಸುತ್ತದೆ. ಅನಾರ್ರೆಸ್ ಹಾಗಲ್ಲ. ಅದರ ಬಡತನದಲ್ಲಿ ಘನತೆ ಇದೆ, ಅದರ ಜನ ಒಬ್ಬರಿಗೊಬ್ಬರು ಆಗುತ್ತಾರೆ. ಲೇಖಕಿಗೆ ಆ ಊರಿನ ಮೇಲೆ ಪ್ರೀತಿ ಇದೆ, ಓದುತ್ತ ನಮಗೂ ಹುಟ್ಟುತ್ತದೆ. ಆ ಪ್ರೀತಿಯಿಂದಲೇ ಅವರು ಅದರ ಬಿರುಕುಗಳನ್ನು ಒಂದೊಂದಾಗಿ ತೋರಿಸುತ್ತಾರೆ. ಈ ಪುಸ್ತಕದ ದೊಡ್ಡತನ ಇರುವುದು ಇಲ್ಲಿ ಎಂದು ನನ್ನ ನಂಬಿಕೆ.

ಒಂದು ಪ್ರಸಂಗವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಶೆವೆಕ್ ಆಗ ಇನ್ನೂ ಹುಡುಗ. ಓಡೋ ಸೆರೆಮನೆಯಲ್ಲಿದ್ದಳೆಂದು ಪಾಠದಲ್ಲಿ ಓದಿದ ಮಕ್ಕಳಿಗೆ ಸೆರೆಮನೆ ಎಂದರೇನೆಂದೇ ಅರ್ಥವಾಗುವುದಿಲ್ಲ. ಅವರು ಕಂಡದ್ದೇ ಇಲ್ಲ. ಮೇಷ್ಟ್ರನ್ನು ಕೇಳಿ ತಿಳಿದುಕೊಂಡ ಮೇಲೆ ಆಟ ಶುರುವಾಗುತ್ತದೆ. ಶಾಲೆಯ ತಳಪಾಯದ ಕೆಳಗೆ ಒಂದು ಕತ್ತಲ ಸಂದು. ಅದಕ್ಕೊಂದು ಬಾಗಿಲು ಮಾಡಿ, ತಾನಾಗಿ ಒಪ್ಪಿಕೊಂಡ ಒಬ್ಬ ಹುಡುಗನನ್ನು ಒಳಗೆ ಹಾಕಿ ಮುಚ್ಚುತ್ತಾರೆ. ಮೊದಲು ಸ್ವಲ್ಪ ಹೊತ್ತು. ಆಮೇಲೆ ಹೆಚ್ಚು ಹೊತ್ತು. ಕೊನೆಗೆ ಮೂವತ್ತು ಗಂಟೆ. ಹೊರಗೆ ಕಾವಲಿರುವ ಹುಡುಗರಿಗೆ ಒಂದು ವಿಚಿತ್ರ ಹಿಗ್ಗು. ತೆಗೆದಾಗ ಹುಡುಗ ತೊಟ್ಟ ಬಟ್ಟೆಯಲ್ಲೇ ಹೊಲಸು ಮಾಡಿಕೊಂಡು, ಬೆಳಕಿಗೆ ಕಣ್ಣು ಬಿಡಲಾರದೆ ತೆವಳಿ ಹೊರಬರುತ್ತಾನೆ. ಶೆವೆಕ್ ಓಡಿಹೋಗಿ ವಾಂತಿ ಮಾಡಿಕೊಳ್ಳುತ್ತಾನೆ. ಜೈಲನ್ನು ಬಿಟ್ಟುಬಂದು ನೂರಕ್ಕೂ ಹೆಚ್ಚು ವರ್ಷವಾದ ನಾಡಿನಲ್ಲಿ, ಜೈಲಿನ ಚಿತ್ರವನ್ನೂ ನೋಡದ ಮಕ್ಕಳು, ಒಂದು ಮಧ್ಯಾಹ್ನದಲ್ಲಿ ಅದನ್ನು ಮತ್ತೆ ಕಟ್ಟಿಬಿಟ್ಟರು. ಸಮಾಜವನ್ನು ಒಮ್ಮೆ ಸರಿಮಾಡಿದರೆ ಸಾಕು, ಅದು ಸರಿಯಾಗಿಯೇ ಉಳಿಯುತ್ತದೆ ಎಂಬ ಭರವಸೆಯನ್ನು ಈ ನಾಲ್ಕೈದು ಪುಟಗಳಷ್ಟು ಗಟ್ಟಿಯಾಗಿ ಅಲುಗಿಸಿದ ಬರಹವನ್ನು ನಾನು ಬೇರೆ ಓದಿಲ್ಲ.

ಮಕ್ಕಳ ಆಟದಲ್ಲಿ ಕಂಡದ್ದು ದೊಡ್ಡವರ ವ್ಯವಹಾರದಲ್ಲಿ ನಯವಾಗಿ ನಡೆಯುತ್ತಿರುತ್ತದೆ. ಆಸ್ತಿಯೇ ಇಲ್ಲದ ಆ ಲೋಕದಲ್ಲಿ ಸಾಬುಲ್ ಎಂಬ ಹಿರಿಯ ವಿಜ್ಞಾನಿ ಭೌತಶಾಸ್ತ್ರವನ್ನೇ ತನ್ನ ಆಸ್ತಿ ಮಾಡಿಕೊಂಡಿದ್ದಾನೆ. ಶೆವೆಕ್ ಬರೆದ ಪುಸ್ತಕ ಅಚ್ಚಾಗಬೇಕಾದರೆ ಅದರ ಮೇಲೆ ಸಾಬುಲ್ ಹೆಸರೂ ಇರಬೇಕು. ತಿರಿನ್ ಎಂಬ ಗೆಳೆಯ ಒಂದು ನಾಟಕ ಬರೆಯುತ್ತಾನೆ, ಜನಕ್ಕೆ ಹಿಡಿಸುವುದಿಲ್ಲ. ಅವನನ್ನು ಯಾರೂ ಬಂಧಿಸುವುದಿಲ್ಲ, ಬಂಧಿಸಲು ಕಾನೂನೇ ಇಲ್ಲವಲ್ಲ. ಅವನಿಗೆ ಒಪ್ಪುವ ಕೆಲಸ ಸಿಗದಂತಾಗುತ್ತದೆ, ಒಂದಾದ ಮೇಲೊಂದು ಕೂಲಿ ಕೆಲಸ ಪಾಲಿಗೆ ಬರುತ್ತದೆ, ಕೊನೆಗೆ ಮನಸ್ಸು ಮುರಿದು ಆಸ್ಪತ್ರೆ ಸೇರುತ್ತಾನೆ. ಕಾನೂನಿಲ್ಲದ ಕಡೆ ನೆರೆಯವರ ಅಭಿಪ್ರಾಯವೇ ಕಾನೂನಾಗುತ್ತದೆ, ಅದಕ್ಕೆ ಮೇಲ್ಮನವಿ ಇಲ್ಲ. ಶೆವೆಕನ ಪುಟ್ಟ ಮಗಳು ಸಾದಿಕ್‌ಳನ್ನು ಹಾಸ್ಟೆಲಿನ ಮಕ್ಕಳು ಮಾತಾಡಿಸುವುದನ್ನು ಬಿಡುತ್ತಾರೆ, ಅವಳ ಅಪ್ಪ ದ್ರೋಹಿ ಎಂಬ ಕಾರಣಕ್ಕೆ. ಆ ಮಗು ರಾತ್ರಿ ಅಪ್ಪ-ಅಮ್ಮನ ಬಳಿ ಮಲಗಲೇ ಎಂದು ಕೇಳುವ ಪುಟವನ್ನು ಓದಿ ಮುಂದಕ್ಕೆ ಹೋಗುವುದು ಕಷ್ಟ.

ಇದೆಲ್ಲ ನಮಗೆ ಹೊಸದೇ? ಕನ್ನಡಿಗರು ಆದರ್ಶ ಸಮಾಜವನ್ನು ಹುಡುಕಲು ಬೇರೆ ಗ್ರಹಕ್ಕೆ ಹೋಗಬೇಕಾಗಿರಲಿಲ್ಲ. ನಮಗೆ ಹನ್ನೆರಡನೆಯ ಶತಮಾನದ ಕಲ್ಯಾಣವಿತ್ತು. ಅಗಸ ಮಾಚಿದೇವ, ಅಂಬಿಗ ಚೌಡಯ್ಯ, ಭಂಡಾರಿ ಬಸವಣ್ಣ ಒಂದೇ ನೆಲದ ಮೇಲೆ ಕೂತು ಮಾತಾಡಿದ ಊರು ಅದು. ಆಯ್ದಕ್ಕಿ ಲಕ್ಕಮ್ಮನ ಕಥೆ ಎಲ್ಲರಿಗೂ ಗೊತ್ತು: ನೆಲಕ್ಕೆ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಗಂಡ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ, ಹೆಚ್ಚಾದದ್ದನ್ನು ಅಲ್ಲಿಯೇ ಸುರಿದು ಬಾ ಎಂದು ಹಿಂದಕ್ಕೆ ಕಳಿಸಿದವಳು. ಅನಾರ್ರೆಸಿನ ಯಾವ ಪ್ರಜೆಯೂ ಅವಳ ಮುಂದೆ ತಲೆಬಾಗುತ್ತಿದ್ದ. ಅಂಥ ಕಲ್ಯಾಣ ಒಂದು ಮದುವೆಯಿಂದ ಕದಡಿತು. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಲಗ್ನವಾದದ್ದೇ ತಡ, ಆ ಇಬ್ಬರು ತಂದೆಯರಿಗೂ ಘೋರ ಶಿಕ್ಷೆ, ರಾಜ ಬಿಜ್ಜಳನ ಕೊಲೆ, ಶರಣರ ಚದುರುವಿಕೆ.

ಕುತೂಹಲದ ಸಂಗತಿಯೆಂದರೆ, ಲೆ ಗ್ವಿನ್ ಚಂದ್ರಲೋಕಕ್ಕೆ ಹೋಗಿ ಕೇಳಿದ ಪ್ರಶ್ನೆಗಳನ್ನೇ ಕನ್ನಡದ ನಾಟಕಕಾರರು ಎಂಟು ಶತಮಾನ ಹಿಂದಕ್ಕೆ ಹೋಗಿ ಕೇಳಿದ್ದಾರೆ. ಲಂಕೇಶರ ‘ಸಂಕ್ರಾಂತಿ’, ಎಚ್. ಎಸ್. ಶಿವಪ್ರಕಾಶರ ‘ಮಹಾಚೈತ್ರ’, ಗಿರೀಶ ಕಾರ್ನಾಡರ ‘ತಲೆದಂಡ’ — ಮೂವರೂ ಕಲ್ಯಾಣಕ್ಕೇ ಹೋದರು. ‘ಸಂಕ್ರಾಂತಿ’ಯ ಮುದುಕ ಉಜ್ಜನನ್ನು ನೆನಪಿಸಿಕೊಳ್ಳಿ. ಮಗ ಶರಣನಾಗಿದ್ದಾನೆ. ಉಜ್ಜನಿಗೆ ಅದು ಒಗ್ಗದು. ಅವನಿಗೆ ಅವನ ಬಾಡು ಬೇಕು, ಹೆಂಡ ಬೇಕು, ಅವನ ದೇವರು ಬೇಕು. ತನ್ನನ್ನು ಮೇಲೆತ್ತಲು ಬಂದವರು ತನ್ನ ಬದುಕಿನ ರುಚಿಯನ್ನೇ ಕೇಳುತ್ತಿದ್ದಾರೆಂದು ಅವನ ತಕರಾರು. ಆದರ್ಶದ ಊರು ಒಳಗೆ ಬರುವವನಿಗೆ ಹೇಳುವ ಮೊದಲ ಷರತ್ತು ಸದಾ ಇದೇ: ನೀನು ನಮ್ಮವನು, ಆದರೆ ನೀನು ಇರುವಂತಲ್ಲ. ‘ತಲೆದಂಡ’ದಲ್ಲಂತೂ ಬಸವಣ್ಣನೇ ಆ ಮದುವೆಯಿಂದ ಹರಿಯಬಹುದಾದ ರಕ್ತಕ್ಕೆ ತಲ್ಲಣಿಸುತ್ತಾನೆ. ತಾನು ಹಚ್ಚಿದ ದೀಪ ಯಾರ ಮನೆ ಸುಡುತ್ತದೋ ಎಂದು ಕನಸು ಕಂಡವನೇ ಹೆದರುವ ಗಳಿಗೆ ಅದು. ಶರಣರ ನಡುವೆಯೇ ಅಲ್ಲಮನೂ ಇದ್ದ. ಬಸವಣ್ಣನನ್ನೂ ಬಿಡದೆ ಪ್ರಶ್ನಿಸಿದವನು, ಯಾವ ಪಂಥದಲ್ಲೂ ಸುಖಾಸೀನನಾಗದವನು. ಕಲ್ಯಾಣ ಅವನನ್ನು ಹೊರಗಟ್ಟದೆ ಎಲ್ಲರಿಗಿಂತ ಎತ್ತರದಲ್ಲಿ ಕೂರಿಸಿತು. ಅನಾರ್ರೆಸ್ ತಿರಿನ್‌ನನ್ನು ನಡೆಸಿಕೊಂಡ ರೀತಿಯ ಪಕ್ಕದಲ್ಲಿಟ್ಟು ನೋಡಿದರೆ ಕಲ್ಯಾಣದ ಹಿರಿಮೆ ಕಾಣುತ್ತದೆ.

ಈ ಕಾದಂಬರಿಯಲ್ಲಿ ನನ್ನನ್ನು ಅತಿಯಾಗಿ ಕಾಡಿದ ಭಾಗಕ್ಕೆ ಬರುತ್ತೇನೆ. ಅನಾರ್ರೆಸಿಗೆ ಬರಗಾಲ ಬರುತ್ತದೆ. ವರ್ಷಗಟ್ಟಲೆ ಮಳೆಯಿಲ್ಲ. ಪಡಿತರ ಅರ್ಧವಾಗುತ್ತದೆ. ಶೆವೆಕನನ್ನು ಒಂದು ಕಡೆಗೆ, ಸಂಗಾತಿ ತಾಕ್ವೆರ್‌ಳನ್ನು ಇನ್ನೊಂದು ಕಡೆಗೆ ಕೆಲಸಕ್ಕೆ ಕಳಿಸುತ್ತಾರೆ, ನಾಲ್ಕು ವರ್ಷ ಅವರು ಒಬ್ಬರನ್ನೊಬ್ಬರು ಕಾಣುವುದಿಲ್ಲ. ಆ ನಡುವೆ ಅವನ ಪಾಲಿಗೆ ಬಂದ ಒಂದು ಕೆಲಸ ಪಟ್ಟಿ ಮಾಡುವುದು: ಯಾರಿಗೆ ಪೂರ್ತಿ ಪಡಿತರ, ಯಾರಿಗೆ ಅರ್ಧ. ದುಡಿಯಬಲ್ಲವರಿಗೆ ಹೆಚ್ಚು, ಕಾಯಿಲೆಯವರಿಗೆ, ಮುದುಕರಿಗೆ ಕಡಿಮೆ. ಅಂದರೆ ಯಾರು ಸಾಯಬಹುದೆಂದು ಕೂತು ಲೆಕ್ಕ ಹಾಕುವ ಕೆಲಸ. ಅವನು ಅದನ್ನು ಬಿಟ್ಟುಬಿಡುತ್ತಾನೆ. ತಾನು ಬಿಟ್ಟರೂ ಪಟ್ಟಿ ಬರೆಯಲು ಮತ್ತೊಬ್ಬ ಸಿಕ್ಕೇ ಸಿಗುತ್ತಾನೆಂದು ಅವನಿಗೆ ಗೊತ್ತು. ಸಮಾನತೆಯ ಮೇಲೆ ಕಟ್ಟಿದ ಊರಿನಲ್ಲೂ ಕಷ್ಟಕಾಲ ಬಂದಾಗ ಪೆನ್ನು ಒಬ್ಬನ ಕೈಗೆ ಬರುತ್ತದೆ, ಹೆಸರು ಇನ್ನೊಬ್ಬನದಿರುತ್ತದೆ.

ಕುರ್ಲಾದವರಿಗೆ ಪಟ್ಟಿ ಎಂದರೇನೆಂದು ವಿವರಿಸುವುದು ಬೇಡ. ಜೋಪಡಪಟ್ಟಿ ಪುನರ್ವಸತಿ ಯೋಜನೆ ಬಂದದ್ದು 1995ರಲ್ಲಿ. ಆ ಕನಸು ಚೆನ್ನಾಗಿಯೇ ಇತ್ತು: ಜೋಪಡಿಯಲ್ಲಿರುವವನಿಗೆ ಅದೇ ಜಾಗದಲ್ಲಿ ಪುಕ್ಕಟೆ ಪಕ್ಕಾ ಮನೆ. ಮೊದಲು 225 ಚದರಡಿ ಇದ್ದದ್ದು ಈಗ 300ಕ್ಕೆ ಏರಿದೆ. ಆದರೆ ಮನೆ ಯಾರಿಗೆ? 1995ರ ಜನವರಿ 1ಕ್ಕೆ ಮೊದಲು ಇದ್ದವರಿಗೆ, ಮುಂದೆ ಅದು 2000ದ ಜನವರಿ 1 ಆಯಿತು. ಆಮೇಲೆ ಬಂದವರಿಗೆ ಬೇರೆ ನಿಯಮ. ಮಾಳಿಗೆಯ ಮೇಲಿನ ಖೋಲಿಯಲ್ಲಿದ್ದವರು ಬಹುಕಾಲ ಲೆಕ್ಕಕ್ಕೇ ಸೇರಲಿಲ್ಲ. ಗಲ್ಲಿಯಲ್ಲಿ ಗೋಡೆಗೆ ಕಾಗದ ಅಂಟಿಸುತ್ತಾರೆ, ಹೆಸರಿನ ಮುಂದೆ ಪಾತ್ರ ಅಥವಾ ಅಪಾತ್ರ, ಅಂದರೆ ಅರ್ಹ ಅಥವಾ ಅನರ್ಹ. ಹಳೆಯ ರೇಷನ್ ಕಾರ್ಡು, ಲೈಟ್ ಬಿಲ್ಲು, ಮತದಾರರ ಯಾದಿಯ ಜೆರಾಕ್ಸು ಹಿಡಿದು ಜನ ಆ ಕಾಗದದ ಮುಂದೆ ಬೆರಳಿಟ್ಟು ಹೆಸರು ಹುಡುಕುತ್ತಾರೆ. ಒಂದೇ ನಲ್ಲಿಯಿಂದ ನೀರು ಹಿಡಿದವರು, ಒಬ್ಬರ ಮನೆಯ ಬಾಣಂತನಕ್ಕೆ ಇನ್ನೊಬ್ಬರು ಓಡಿದವರು, ಆ ಸಂಜೆಯಿಂದ ಎರಡು ಜಾತಿಯಾಗುತ್ತಾರೆ.

ಇಷ್ಟು ಹೇಳಿ ಇನ್ನೊಂದು ಮಗ್ಗುಲನ್ನು ಹೇಳದಿದ್ದರೆ ತಪ್ಪಾಗುತ್ತದೆ. ಕಾದಂಬರಿಯ ಕೊನೆಗೆ ಶೆವೆಕ್ ಉರ್ರಾಸಿನ ವೈಭವದ ಹಿಂದಿನ ಹಿಂಸೆಯನ್ನು ಕಂಡು ಅದನ್ನು ನರಕವೆನ್ನುತ್ತಾನೆ. ಆಗ ನಮ್ಮ ಭೂಮಿಯಿಂದ ಬಂದ ರಾಯಭಾರಿ ಕೆಂಗ್ ಎಂಬಾಕೆ, ತನ್ನ ಕಣ್ಣಿಗೆ ಉರ್ರಾಸ್ ಸ್ವರ್ಗವಾಗಿ ಕಾಣುತ್ತದೆಂದು ಹೇಳುತ್ತಾಳೆ. ಏಕೆಂದರೆ ಅವಳ ಕಾಲಕ್ಕೆ ಭೂಮಿ ಮನುಷ್ಯರ ಕೈಯಲ್ಲಿ ಹಾಳಾಗಿ, ಮರಗಳಿಲ್ಲದ ಬೂದಿಯ ನೆಲವಾಗಿದೆ. ಎಲ್ಲಿಂದ ಬಂದು ನೋಡುತ್ತೇವೆ ಎಂಬುದರ ಮೇಲೆ ಸ್ವರ್ಗ ನರಕ ಬದಲಾಗುತ್ತದೆ. ಬೆಳಗಿನ ನಾಲ್ಕು ಗಂಟೆಗೆ ಡಬ್ಬ ಹಿಡಿದು ಸಾರ್ವಜನಿಕ ಶೌಚಾಲಯದ ಸರದಿಯಲ್ಲಿ ನಿಂತು ಆಯುಷ್ಯ ಕಳೆದ ಹೆಂಗಸಿಗೆ ಏಳನೇ ಮಹಡಿಯ 225 ಚದರಡಿಯೊಳಗೆ ಸ್ವಂತ ಕಕ್ಕಸು, ಒಳಗಿನಿಂದ ಹಾಕಿಕೊಳ್ಳುವ ಚಿಲಕ — ಅದು ಸಣ್ಣ ಸಂಗತಿಯಲ್ಲ. ಯೋಜನೆಗಳನ್ನು ಟೀಕಿಸುವ ನಮ್ಮಂಥ ಮಾತುಗಾರರು ಆ ಚಿಲಕದ ಬೆಲೆಯನ್ನು ಮರೆಯಬಾರದು.

ಆದರೆ ಅದೇ ಶಹರ ಮಾಹುಲನ್ನೂ ಕಟ್ಟಿತು. ಶಹರಕ್ಕೆ ನೀರು ತರುವ ತಾನ್ಸಾ ಪೈಪ್‌ಲೈನಿನ ಪಕ್ಕದಲ್ಲಿದ್ದವರನ್ನು, ನಮ್ಮ ವಿದ್ಯಾವಿಹಾರದವರನ್ನೂ ಸೇರಿಸಿ, 2017ರ ನಂತರ ಎಬ್ಬಿಸಿ ಚೆಂಬೂರಿನ ರಿಫೈನರಿಗಳ ಮಗ್ಗುಲಿನ ಮಾಹುಲಿನ ಕಟ್ಟಡಗಳಿಗೆ ಕಳಿಸಿದರು. ಕಾಗದದ ಮೇಲೆ ಎಲ್ಲವೂ ಇತ್ತು, ಲಿಫ್ಟು, ಗೋಡೆ, ನಲ್ಲಿ. ಉಸಿರಾಡಲು ಗಾಳಿ ಇರಲಿಲ್ಲ. ಜನ ರಸ್ತೆಯ ಬದಿ ಧರಣಿ ಕೂತರು, ನ್ಯಾಯಾಲಯಕ್ಕೆ ಹೋದರು. 2019ರಲ್ಲಿ ಬಾಂಬೆ ಹೈಕೋರ್ಟು ಯಾರನ್ನೂ ಬಲವಂತವಾಗಿ ಅಲ್ಲಿಗೆ ಕಳಿಸಕೂಡದೆಂದು, ಬೇರೆ ಮನೆ ಕೊಡದಿದ್ದರೆ ತಿಂಗಳಿಗೆ 15,000 ರೂಪಾಯಿ ಬಾಡಿಗೆ ಕೊಡಬೇಕೆಂದು ಹೇಳಿತು. ಲೆ ಗ್ವಿನ್ 1973ರಲ್ಲಿ ಒಂದು ಸಣ್ಣಕಥೆ ಬರೆದಿದ್ದರು. ಓಮೆಲಾಸ್ ಎಂಬ ಸುಖದ ಊರು, ಆ ಸುಖವೆಲ್ಲ ನೆಲಮಾಳಿಗೆಯಲ್ಲಿ ಕೂಡಿಹಾಕಿದ ಒಂದು ಮಗುವಿನ ದುಃಖದ ಮೇಲೆ ನಿಂತಿದೆ. ಎಲ್ಲರಿಗೂ ಅದು ಗೊತ್ತು. ನಮ್ಮ ನಲ್ಲಿಯಲ್ಲಿ ನೀರು ಬರುವಾಗ ಆ ಪೈಪಿನ ಪಕ್ಕದಲ್ಲಿದ್ದವರು ಎಲ್ಲಿಗೆ ಹೋದರೆಂದು ನಮಗೂ ಗೊತ್ತು.

ಮುಂಬಯಿಯ ನಾಳೆಯನ್ನು ಕುರಿತು ಬಂದ ಕೃತಿಗಳಲ್ಲಿ ಮಂಜುಳಾ ಪದ್ಮನಾಭನ್ ಅವರ ‘ಹಾರ್ವೆಸ್ಟ್’ ನಾಟಕವನ್ನು ಇಲ್ಲಿ ಹೆಸರಿಸಲೇಬೇಕು. 1997ರಲ್ಲಿ ಓನಾಸಿಸ್ ಪ್ರಶಸ್ತಿ ಪಡೆದ ಆ ನಾಟಕ ನಡೆಯುವುದು 2010ರ ಮುಂಬಯಿಯ ಒಂದು ಖೋಲಿಯಲ್ಲಿ. ಕೆಲಸ ಕಳೆದುಕೊಂಡ ಓಂ ತನ್ನ ಅಂಗಾಂಗಗಳನ್ನು ದೂರದೇಶದ ಶ್ರೀಮಂತರಿಗೆ ಬರೆದುಕೊಡುತ್ತಾನೆ. ಕೂಡಲೇ ಆ ಖೋಲಿಗೆ ಶುದ್ಧ ಗಾಳಿ, ಗುಳಿಗೆಯ ಊಟ, ಸ್ವಂತ ಬಚ್ಚಲು ಎಲ್ಲ ಬರುತ್ತದೆ. ಮನೆಯೊಳಗೆ ಆದರ್ಶ ಲೋಕ ಇಳಿಯುತ್ತದೆ, ಮನುಷ್ಯರು ಅದರ ಕಚ್ಚಾ ಸಾಮಗ್ರಿಯಾಗುತ್ತಾರೆ. ಕೊನೆಗೆ ಒಲ್ಲೆ ಎನ್ನುವವಳು ಓಂನ ಹೆಂಡತಿ ಜಯಾ ಒಬ್ಬಳೇ. ಪದ್ಮನಾಭನ್ ಲೆಕ್ಕ ಹಾಕಿದ 2010 ಕಳೆದು ವರ್ಷಗಳಾದವು. ಆ ನಾಟಕ ಮಾತ್ರ ಹಳತಾಗಿಲ್ಲ.

ಕನ್ನಡದಲ್ಲಿ ವೈಜ್ಞಾನಿಕ ಕಥಾಸಾಹಿತ್ಯಕ್ಕೆ ರಾಜಶೇಖರ ಭೂಸನೂರಮಠರಂಥವರು ಹಾದಿ ಮಾಡಿಕೊಟ್ಟರು. ಮರಾಠಿಯಲ್ಲಿ ಜಯಂತ ನಾರಳೀಕರ್ ಅದನ್ನು ಮನೆಮಾತಾಗಿಸಿದರು. ಮುಂಬಯಿ ಕನ್ನಡಕ್ಕೆ ಬಂದರೆ, ಯಶವಂತ ಚಿತ್ತಾಲರು ವೃತ್ತಿಯಿಂದ ರಸಾಯನ ವಿಜ್ಞಾನಿ, ಪಾಲಿಮರುಗಳನ್ನು ಬಲ್ಲವರು. ಅವರು ಭವಿಷ್ಯದ ಕಥೆ ಬರೆಯಲಿಲ್ಲ. ಆದರೂ 1979ರ ‘ಶಿಕಾರಿ’ಯಲ್ಲಿ ನಾಗಪ್ಪನನ್ನು ಕಂಪನಿಯೊಂದು ಅಮಾನತು ಮಾಡಿ, ಏನು ಆರೋಪವೆಂದು ಸರಿಯಾಗಿ ಹೇಳದೆ ಅಟ್ಟುವ ಬಗೆಯನ್ನು ಓದಿದವರಿಗೆ ತಿರಿನ್‌ನ ಪಾಡು ಬೇರೆ ಲೋಕದ್ದೆನಿಸುವುದಿಲ್ಲ. ವ್ಯವಸ್ಥೆಯೊಂದು ಒಬ್ಬನನ್ನು ಬೇಟೆಯಾಡುವುದನ್ನು ನಮ್ಮ ಭಾಷೆ ಈ ಶಹರದಲ್ಲೇ ಕಂಡು ಬರೆದಿದೆ. ಅಂಥ ವ್ಯವಸ್ಥೆಯ ನಾಳೆಯನ್ನು ಬರೆಯುವ ಮುಂದಿನ ಹೆಜ್ಜೆ ಇನ್ನೂ ಬಾಕಿ ಇದೆ.

ಶೆವೆಕ್ ಕೊನೆಗೆ ಏನು ಮಾಡುತ್ತಾನೆ? ತನ್ನ ಸಿದ್ಧಾಂತವನ್ನು ಉರ್ರಾಸಿನ ಒಡೆಯರಿಗೂ ಮಾರುವುದಿಲ್ಲ, ಅನಾರ್ರೆಸಿನ ಸಾಬುಲನಂಥವರಿಗೂ ಒಪ್ಪಿಸುವುದಿಲ್ಲ. ಎಲ್ಲ ಲೋಕಗಳಿಗೂ ಒಟ್ಟಿಗೆ, ಪುಕ್ಕಟೆಯಾಗಿ ಹಂಚಿಬಿಡುತ್ತಾನೆ. ಆಮೇಲೆ ಊರಿಗೆ ಹಿಂತಿರುಗುತ್ತಾನೆ. ಜನ ಹಾರ ಹಿಡಿದು ಕಾಯುತ್ತಿರುತ್ತಾರೋ ಕಲ್ಲು ಹಿಡಿದೋ ಅವನಿಗೆ ತಿಳಿಯದು. ಬಿರುಕು ಬಿಟ್ಟ ಊರನ್ನು ಬಿಟ್ಟು ಓಡಿಹೋಗದೆ, ಅದನ್ನು ಕಟ್ಟಿದವರ ಮಾತನ್ನು ಕಟ್ಟಿದವರ ಮಕ್ಕಳಿಗೆ ನೆನಪಿಸಲು ಹಿಂತಿರುಗುವವನು ಅವನು. ಒಂದು ಆದರ್ಶ ಕೆಡುವುದು ಅದರಲ್ಲಿ ದೋಷವಿರುವುದರಿಂದಲ್ಲ, ತನ್ನ ಕೆಲಸ ಮುಗಿಯಿತೆಂದು ಅದು ತಿಳಿದ ದಿನ ಎಂದು ನಾನು ಈ ಪುಸ್ತಕದಿಂದ ಕಲಿತೆ.

ಮುಂಬಯಿ ಕನ್ನಡಿಗರ ಒಂದು ತಲೆಮಾರು ಹಗಲು ಹೋಟೆಲಿನಲ್ಲಿ ತಟ್ಟೆ ಎತ್ತಿ, ರಾತ್ರಿಶಾಲೆಯ ಬೆಂಚಿನಲ್ಲಿ ನಿದ್ದೆಗಣ್ಣಲ್ಲಿ ಓದಿ ಮೇಲೆ ಬಂತು. ಅವರ ಪಾಲಿಗೆ ಈ ಶಹರವೇ ನಾಳೆಯಾಗಿತ್ತು. ಅವರ ಮೊಮ್ಮಕ್ಕಳು ಇವತ್ತು ನದಿಯಾಚೆಯ ಗಾಜಿನ ಕಟ್ಟಡಗಳಲ್ಲಿ ಕಂಪ್ಯೂಟರಿನ ಮುಂದೆ ಕೂತಿದ್ದಾರೆ. ಯಾರಿಗೆ ಸಾಲ, ಯಾರಿಗೆ ಕೆಲಸ ಎಂದು ಯಂತ್ರಗಳು ತಯಾರಿಸುವ ಪಟ್ಟಿಗಳನ್ನು ಹತ್ತಿರದಿಂದ ಬಲ್ಲವರೂ ಅವರಲ್ಲಿದ್ದಾರೆ. 2024ರ ಜೂನಿನಲ್ಲಿ ನೆಹರೂ ನಗರದ ಮದರ್ ಡೇರಿಯ 21 ಎಕರೆಯನ್ನು ಧಾರಾವಿಯ ಪುನರಭಿವೃದ್ಧಿಗೆ ಕೊಡಲು ಸರ್ಕಾರ ತೀರ್ಮಾನಿಸಿದಾಗ, ಅಲ್ಲಿನ ಮರಗಳು ಉಳಿಯಲಿ, ಉದ್ಯಾನವಾಗಲಿ ಎಂದು ಬೀದಿಗಿಳಿದ ಕುರ್ಲಾದವರೂ ಇದ್ದಾರೆ. ಧಾರಾವಿಯಿಂದ ಎಬ್ಬಿಸಿದವರು ಎಲ್ಲಿಗೆ ಹೋಗಬೇಕೆಂಬ ಪ್ರಶ್ನೆಯೂ ಅಷ್ಟೇ ನಿಜ. ಎರಡು ಕಡೆಯೂ ನ್ಯಾಯವಿರುವ ಇಂಥ ಜಗಳದಿಂದಲೇ ದೊಡ್ಡ ಕಾದಂಬರಿ ಹುಟ್ಟುತ್ತದೆ.

ಈ ಸಭೆಯಲ್ಲಿರುವ ಎಳೆಯರಲ್ಲಿ ನನ್ನದೊಂದು ಬಿನ್ನಹ. ಇನ್ನೈವತ್ತು ವರ್ಷಗಳ ಮುಂದಿನ ಕುರ್ಲಾವನ್ನು ಕನ್ನಡದಲ್ಲಿ ಬರೆಯಿರಿ. ಅಲ್ಲಿ ಎಲ್ಲರಿಗೂ ಮನೆಯಿರಲಿ, ನೀರಿರಲಿ, ಯಾರೂ ಅಪಾತ್ರರಾಗದಿರಲಿ. ಅಷ್ಟು ಒಳ್ಳೆಯ ಊರನ್ನು ಮೊದಲು ಮನಸಾರೆ ಕಟ್ಟಿ. ಆಮೇಲೆ ಅದರೊಳಗೆ ಒಬ್ಬ ಉಜ್ಜನನ್ನು, ಒಬ್ಬಳು ಜಯಾಳನ್ನು ಕರೆತಂದು ಮಾತಾಡಲು ಬಿಡಿ, ಅವರ ಬಾಯಿ ಮುಚ್ಚಿಸಬೇಡಿ. ಬರೆದು ತನ್ನಿ. ಓದಲು, ಚರ್ಚಿಸಲು, ಅಚ್ಚು ಹಾಕಿಸಲು ನಮ್ಮಂಥ ಹಿರಿಯರು ಜೊತೆಗಿರುತ್ತೇವೆ.